ಯಕ್ಷಗಾನ ವೇಷಗಳ ಗಂಜೀಫಾ: ಕೈಯಲ್ಲೇ ಎಲೆ ಮಾಡುವ ಕೆಲಸ, ಹಂತ ಹಂತವಾಗಿ

ಬಣ್ಣದಡಬ್ಬಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಹಾಕಿದ್ದ ಮಹಿಷಾಸುರನ ಆಟದ ಎಲೆಯ ಫೋಟೋ ನೋಡಿ ಸುಮಾರು ಜನ "ಇದನ್ನು ಹೇಗೆ ಮಾಡಿದಿರಿ, ಪೂರ್ತಿ ಬರೆಯಿರಿ" ಎಂದಿದ್ದಿರಿ. ಉತ್ತರ ಉದ್ದ ಇದೆ. ಅದಕ್ಕೇ ಬೇರೆ ಎಳೆ ಶುರು ಮಾಡಿದ್ದೇನೆ.

ಚಿತ್ರ ಬಿಡಿಸುವುದು ನನ್ನ ಹೊಟ್ಟೆಪಾಡಲ್ಲ. ಕಚೇರಿ ಕೆಲಸ ಮುಗಿದ ಮೇಲೆ ರಾತ್ರಿ ಹೊತ್ತು, ಭಾನುವಾರ ಕೂತು ಬಿಡಿಸುತ್ತೇನೆ. ಯಕ್ಷಗಾನ ಅಂದರೆ ಪ್ರಾಣ. ಬೇರೆಯವರು ಸಿನಿಮಾ, ಕಾಮಿಕ್ಸ್ ಪಾತ್ರಗಳ ಫ್ಯಾನ್ ಆರ್ಟ್ ಮಾಡುತ್ತಾರಲ್ಲ, ನಾನು ವೇಷಗಳದ್ದು ಮಾಡುತ್ತೇನೆ. ಗೋಡೆಗೆ ಹಾಕುವ ಚಿತ್ರ ಮಾಡಿ ಮಾಡಿ ಸಾಕಾಗಿತ್ತು. ಕೈಗೆ ಸಿಗುವಂಥದ್ದು, ನಾಲ್ಕು ಜನ ಕೂತು ಆಡುವಂಥದ್ದು ಬೇಕು ಅನಿಸಿತು. ಹಾಗೆ ಗಂಜೀಫಾ ಹಿಡಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಗಂಜೀಫಾ ಅಂದರೆ ಹಳೇ ಕಾಲದ ಆಟದ ಎಲೆ. ಹೆಚ್ಚಾಗಿ ದುಂಡಗೆ ಇರುತ್ತದೆ. 1527ರಲ್ಲಿ ಬಾಬರ್ ಸಿಂಧ್‌ನ ತನ್ನ ಗೆಳೆಯನಿಗೆ ಗಂಜೀಫಾ ಕಳಿಸಿದ್ದನ್ನು ಬರೆದಿಟ್ಟಿದ್ದಾನೆ. ಮೊಘಲ್ ಗಂಜೀಫಾದಲ್ಲಿ 8 ಪಂಗಡ, ಪಂಗಡಕ್ಕೆ 12 ಎಲೆ, ಒಟ್ಟು 96. ನಮ್ಮ ಕಡೆ ದಶಾವತಾರದ್ದು ಬಂತು. ಅದರಲ್ಲಿ 10 ಪಂಗಡ, 120 ಎಲೆ. ಪ್ರತಿ ಪಂಗಡದಲ್ಲೂ ಒಬ್ಬ ರಾಜ, ಒಬ್ಬ ಮಂತ್ರಿ, ಮಿಕ್ಕಿದ್ದು ಒಂದರಿಂದ ಹತ್ತರವರೆಗೆ ಅಂಕಿ ಎಲೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಂತೂ 360 ಎಲೆಗಳವರೆಗಿನ ಆಟಗಳೇ ಹುಟ್ಟಿದವು.

ನಾನು 96 ಎಲೆಯ ಲೆಕ್ಕ ಹಿಡಿದಿದ್ದೇನೆ. ಮೂರು ಜನ ಆಡಿದರೆ ತಲೆಗೆ 32 ಎಲೆ ಬರುತ್ತದೆ. ಅಷ್ಟನ್ನು ಕೈಯಲ್ಲಿ ಹಿಡಿಯಬೇಕು ಅನ್ನುವುದನ್ನು ಮರೆಯಬೇಡಿ. ಎಲೆ ಎಷ್ಟು ದೊಡ್ಡದಿರಬೇಕು, ಎಷ್ಟು ದಪ್ಪ ಇರಬೇಕು, ಎಲ್ಲವೂ ಇದರಿಂದಲೇ ತೀರ್ಮಾನ ಆಗುತ್ತದೆ. ಹಳೇ ಗಂಜೀಫಾ 2 ಸೆಂಟಿಮೀಟರ್‌ನಿಂದ 12 ಸೆಂಟಿಮೀಟರ್‌ವರೆಗೂ ಅಗಲ ಇರುತ್ತಿತ್ತು. ನನ್ನದು 6 ಸೆಂಟಿಮೀಟರ್.

ಈಗ ಕೆಲಸದ ವಿಷಯ. ನಾನು ರಾಜನಿಂದ ಶುರು ಮಾಡುವುದಿಲ್ಲ. ಪಂಗಡದ ಗುರುತಿನಿಂದ ಶುರು ಮಾಡುತ್ತೇನೆ. ರಾಜ, ಮಂತ್ರಿ ಸೇರಿ 16 ಎಲೆ ಮಾತ್ರ. ಅಂಕಿ ಎಲೆ 80 ಇವೆ. ಆಟ ನಡೆಯುವುದೇ ಆ ಎಂಬತ್ತರಲ್ಲಿ. ಗುರುತು ಸರಿ ಇಲ್ಲದಿದ್ದರೆ ರಾಜ ಎಷ್ಟು ಚೆಂದ ಇದ್ದರೂ ಆ ಕಟ್ಟು ಆಡಲಿಕ್ಕೆ ಬರುವುದಿಲ್ಲ. ಆಟದ ಎಲೆ ಮೊದಲು ಆಟಕ್ಕೆ ಒದಗಬೇಕು, ಚಿತ್ರ ಆಮೇಲೆ. ಈ ಎಳೆಯಲ್ಲಿ ನಾನು ಹೇಳಲು ಬಂದಿದ್ದೇ ಇದು.

ಗುರುತುಗಳಿಗೆ ಮೊದಲು ಒಂದು ಉದ್ದ ಪಟ್ಟಿ ಮಾಡಿದೆ. ಚಂಡೆ, ಮದ್ದಳೆ, ಜಾಗಟೆ, ಗೆಜ್ಜೆ, ಗದೆ, ಬಾಣ, ಕತ್ತಿ, ಶಂಖ, ಚಕ್ರ, ದೊಂದಿ (ಪಂಜು). ಪ್ರತಿಯೊಂದನ್ನೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬರೀ ಕಪ್ಪು ಇಂಕಿನಲ್ಲಿ ತುಂಬಿದೆ. ಒಳಗೆ ಒಂದು ಗೆರೆಯೂ ಇಲ್ಲ, ಬಣ್ಣವೂ ಇಲ್ಲ. ರಾತ್ರಿ ಬಲ್ಬಿನ ಬೆಳಕಿನಲ್ಲಿ ಕೈ ಚಾಚಿದಷ್ಟು ದೂರ ಇಟ್ಟು ನೋಡಿದೆ. ಅಲ್ಲಿಯೂ ಥಟ್ಟನೆ ಗೊತ್ತಾಗಬೇಕು.

ಇಲ್ಲಿ ಒಂದು ಸ್ವಾರಸ್ಯ ಇದೆ. ಚಂಡೆ ನೆಟ್ಟಗೆ ನಿಂತಿರುತ್ತದೆ, ಮದ್ದಳೆ ಅಡ್ಡ ಇರುತ್ತದೆ. ಹಾಳೆಯ ಮೇಲೆ ಇವೆರಡೂ ಬೇರೆ ಬೇರೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಆದರೆ ದುಂಡು ಎಲೆಗೆ ಮೇಲು ಕೆಳಗು ಇಲ್ಲ! ಕೈಯಲ್ಲಿ ಎಲೆ ಹೇಗೆ ತಿರುಗಿ ಕೂತಿರುತ್ತದೋ ಯಾರಿಗೆ ಗೊತ್ತು. ಎಲೆ ಸ್ವಲ್ಪ ತಿರುಗಿದರೆ ಚಂಡೆ ಮದ್ದಳೆಯಾಗುತ್ತದೆ, ಮದ್ದಳೆ ಚಂಡೆಯಾಗುತ್ತದೆ. ಹಾಗಾಗಿ ಮದ್ದಳೆ ಬಿಟ್ಟೆ. ದುಂಡು ಎಲೆಗೆ ಗುರುತು ಆರಿಸುವವರು ಅದನ್ನು ಸುತ್ತಲೂ ತಿರುಗಿಸಿ ನೋಡಲೇಬೇಕು. ಜಾಗಟೆ, ಚಕ್ರ ಎರಡೂ ದುಂಡಗಿವೆ, ಅದರಲ್ಲೂ ಒಂದೇ ಉಳಿಯಿತು. ಕೊನೆಗೆ ಇಟ್ಟುಕೊಂಡಿದ್ದು ಚಂಡೆ, ಗೆಜ್ಜೆ, ಗದೆ, ಬಾಣ, ಕತ್ತಿ, ಶಂಖ, ಚಕ್ರ, ದೊಂದಿ.

ಪ್ರಶ್ನೆ ಇದ್ದರೆ ಕೇಳಿ, ಬಣ್ಣದ ಕೆಲಸ ಆಮೇಲೆ ಬರೆಯುತ್ತೇನೆ.

ಕವಡೆಕಾಯಿ

ಅಕ್ಕ, ಮದ್ದಳೆ ವಿಷಯ ಓದಿ ತುಂಬಾ ಖುಷಿಯಾಯಿತು. ನಾನು ಮೈಸೂರಿನವನು. ಚೌಕಾಬಾರ, ಆಡು-ಹುಲಿ ಆಟಗಳಿಗೆ ಮರದ ಕಾಯಿ ಮಾಡುವ ಹವ್ಯಾಸ. ನನಗೂ ಇದೇ ತಲೆನೋವು. ಆಡು-ಹುಲಿಯಲ್ಲಿ ಆಡುಗಳ ಸಂಖ್ಯೆ ಜಾಸ್ತಿ, ಹುಲಿ ಕೆಲವೇ. ಎಲ್ಲ ಆಡಿಗೂ ಕೊಂಬು, ಗಡ್ಡ ಕೆತ್ತುತ್ತಾ ಕೂತರೆ ಮಣೆಯ ಮೇಲೆ ಗಿಜಿಗಿಜಿ ಎನ್ನುತ್ತದೆ. ಹುಲಿ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಈಗ ಆಡನ್ನು ಗಿಡ್ಡಗೆ, ಸಾದಾ ಮಾಡುತ್ತೇನೆ. ಹುಲಿಗೆ ಮಾತ್ರ ಎತ್ತರ, ಪಟ್ಟೆ, ಬಾಲ ಎಲ್ಲ.

ಮೈಸೂರಿನವರು, ಅಥವಾ ಇಲ್ಲಿಗೆ ಬರುವವರು, ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ನಡೆಸುವ 'ಕ್ರೀಡಾ ಕೌಶಲ್ಯ' ಪ್ರದರ್ಶನ ಯಾವಾಗ ಎಂದು ವಿಚಾರಿಸಿ ಬನ್ನಿ. ಪಗಡೆ ಹಾಸು, ಅಳಗುಳಿ ಮಣೆ, ಬೇರೆ ಬೇರೆ ಕಸುಬಿನವರು ಮಾಡಿದ ಕಾಯಿಗಳು, ಎಲ್ಲ ಕಣ್ಣೆದುರು ಇರುತ್ತವೆ. ಕೈಯಲ್ಲಿ ಹಿಡಿದರೆ ಗೊತ್ತಾಗುವಷ್ಟು ಫೋಟೋದಲ್ಲಿ ಗೊತ್ತಾಗುವುದಿಲ್ಲ.

ಒಂದು ಪ್ರಶ್ನೆ. 32 ಎಲೆ ಕೈಯಲ್ಲಿ ಹರಡಿ ಹಿಡಿದಾಗ ಪ್ರತಿ ಎಲೆಯದ್ದೂ ಅಂಚಿನ ಚೂರು ಮಾತ್ರ ಕಾಣುತ್ತದೆ. ಗುರುತು ನಡುವೆ ಇದ್ದರೆ ಏನು ಪ್ರಯೋಜನ?

ಬಣ್ಣದಡಬ್ಬಿ

@ಕವಡೆಕಾಯಿ ಸರಿಯಾದ ಪ್ರಶ್ನೆ ತಮ್ಮಾ. ಇಸ್ಪೀಟ್ ಎಲೆಗೆ ಮೂಲೆ ಇದೆ, ಮೂಲೆಯಲ್ಲಿ ಅಂಕಿ ಇದೆ. ದುಂಡು ಎಲೆಗೆ ಮೂಲೆಯೇ ಇಲ್ಲವಲ್ಲ. ಹಳಬರು ಇದಕ್ಕೆ ಕಂಡುಕೊಂಡ ದಾರಿ ನೆಲದ ಬಣ್ಣ. ಅಂದರೆ ಚಿತ್ರದ ಹಿಂದೆ ತುಂಬುವ ಬಣ್ಣ. ಒಂದೊಂದು ಪಂಗಡಕ್ಕೆ ಒಂದೊಂದು. ಅಂಚಿನ ಚೂರು ಕಂಡರೂ ಪಂಗಡ ಗೊತ್ತಾಗುತ್ತದೆ. ನಾನೂ ಅದನ್ನೇ ಮಾಡುತ್ತೇನೆ, ಜೊತೆಗೆ ಅಂಚಿನ ಸುತ್ತ ಒಂದು ಪಟ್ಟಿ ಬರೆಯುತ್ತೇನೆ. ಪಟ್ಟಿಯ ಮೇಲೆ ಆ ಎಲೆಯ ಅಂಕಿಯಷ್ಟೇ ಚುಕ್ಕಿಗಳ ಗುಂಪು. ಆ ಗುಂಪು ಸುತ್ತಲೂ ನಾಲ್ಕು ಕಡೆ ಬರುತ್ತದೆ. ಎಲೆ ಹೇಗೇ ತಿರುಗಿದರೂ ಒಂದು ಗುಂಪಾದರೂ ಕಾಣಬೇಕು.

ಆರು, ಏಳು, ಎಂಟು ಇವುಗಳಲ್ಲಿ ಗುರುತನ್ನು ಎಣಿಸುತ್ತಾ ಕೂರುವಂತೆ ಇರಬಾರದು. ಹಾಗಾಗಿ ಪ್ರತಿ ಅಂಕಿಗೂ ಒಂದೇ ಜೋಡಣೆ. ಐದು ಅಂದರೆ ಯಾವ ಪಂಗಡದಲ್ಲೂ ನಾಲ್ಕು ಸುತ್ತ, ಒಂದು ನಡುವೆ. ಏಳು ಅಂದರೆ ಆರು ಸುತ್ತ, ಒಂದು ನಡುವೆ. ಹತ್ತಕ್ಕೆ ಏಳು ಸುತ್ತ, ಮೂರು ಒಳಗೆ. ಸ್ವಲ್ಪ ಹೊತ್ತು ಆಡಿದರೆ ಕಣ್ಣು ಎಣಿಸುವುದನ್ನೇ ಬಿಡುತ್ತದೆ, ಆಕಾರ ನೋಡಿಯೇ ಅಂಕಿ ಹೇಳುತ್ತದೆ.

ಹಾಳೆಕತ್ತರಿ

ಚಿತ್ರದ ಬಗ್ಗೆ ನನಗೆ ಹೆಚ್ಚು ತಿಳಿಯದು. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ನನ್ನದು. ಎಲೆ ಯಾವುದರಿಂದ ಮಾಡುತ್ತಿದ್ದೀರಿ? ಬಟ್ಟೆಯಾ, ರಟ್ಟಾ?

ಒಂದು ಮಾತು. ಒಂದೇ ಮಗ್ಗುಲಿಗೆ ಬಣ್ಣ ಹಚ್ಚಿದರೆ ಎಲೆ ಆ ಕಡೆಗೆ ಬಾಗುತ್ತದೆ. ನೀರು ಬೆರೆಸಿದ ಬಣ್ಣ ಒಣಗುವಾಗ ಕುಗ್ಗುತ್ತದೆ, ರಟ್ಟನ್ನೂ ಎಳೆಯುತ್ತದೆ. ಹಿಂಬದಿಗೂ ಅಷ್ಟೇ ಪದರ ಬಣ್ಣ ಬಿದ್ದರೆ ಎರಡೂ ಕಡೆಯ ಎಳೆತ ಸಮ ಆಗುತ್ತದೆ. ಒಣಗುವಾಗ ಭಾರ ಹೇರಿ ಇಡಿ.

ಬಣ್ಣದಡಬ್ಬಿ

@ಹಾಳೆಕತ್ತರಿ ಅಣ್ಣ, ನೀವು ಇಲ್ಲಿ ಇರುವುದು ದೊಡ್ಡ ಉಪಕಾರ. ಎರಡೂ ಥರ ಮಾಡುತ್ತಿದ್ದೇನೆ.

ಬಟ್ಟೆಯದ್ದು ಹಳೇ ಪದ್ಧತಿ. ಒಗೆದು ಒಗೆದು ಮೆತ್ತಗಾದ ಹತ್ತಿ ಪಂಚೆ ತೆಗೆದುಕೊಂಡು, ಹುಣಸೆ ಬೀಜದ ಅಂಟಿನಿಂದ ಪದರ ಪದರ ಅಂಟಿಸುತ್ತೇನೆ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ನೀರು ಹಾಕಿ ಕುದಿಸಿದರೆ ಅಂಟು ಸಿದ್ಧ. ಗಂಟಾಗದಂತೆ ತಿರುವುತ್ತಲೇ ಇರಬೇಕು. ಬಟ್ಟೆ ಒಣಗಿದ ಮೇಲೆ ಅದೇ ಅಂಟಿಗೆ ಸೀಮೆಸುಣ್ಣದ ಪುಡಿ ಕಲಸಿ ಎರಡೂ ಬದಿಗೆ ಬಳಿಯುತ್ತೇನೆ. ಅದು ಒಣಗಿದ ಮೇಲೆ ನುಣುಪಾದ ಹೊಳೆಕಲ್ಲಿನಿಂದ ಉಜ್ಜಬೇಕು. ಬೆರಳಿಗೆ ತರಿ ತಾಕಬಾರದು, ಅಲ್ಲಿಯವರೆಗೂ ಉಜ್ಜುವುದೇ. ಒಡಿಶಾದ ಗಂಜಪಾ ಕಲಾವಿದರೂ ಬಟ್ಟೆ ಮತ್ತು ಹುಣಸೆ ಬೀಜದ ಅಂಟನ್ನೇ ಬಳಸುತ್ತಾರೆ, ಮಹಾರಾಷ್ಟ್ರದ ಸಾವಂತವಾಡಿ ಗಂಜೀಫಾದಲ್ಲೂ ಹಿಂದೆ ಹೀಗೇ ಇತ್ತು. ಅರಮನೆಗಳಲ್ಲಿ ದಂತದ ಮೇಲೆ, ಆಮೆ ಚಿಪ್ಪಿನ ಮೇಲೆ ಬಿಡಿಸಿದ್ದನ್ನು ದರ್ಬಾರ್ ಕಲಂ ಎನ್ನುತ್ತಿದ್ದರು. ಜನ ಆಡುತ್ತಿದ್ದ ಬಟ್ಟೆ, ಮರ, ರಟ್ಟಿನ ಎಲೆ ಬಜಾರ್ ಕಲಂ. ನನಗೆ ಬಜಾರ್ ಕಲಮ್ಮೇ ಇಷ್ಟ.

ರಟ್ಟಿನದ್ದು ಸುಲಭ. 300 ಜಿಎಸ್‌ಎಂ ತೂಕದ ದಪ್ಪ ಹಾಳೆ ಎರಡನ್ನು ಅಂಟಿಸಿ, ಭಾರ ಇಟ್ಟು, ದುಂಡಗೆ ಕತ್ತರಿಸುತ್ತೇನೆ. ಕತ್ತರಿಸಿದ ಅಂಚನ್ನು ನುಣ್ಣನೆಯ ಉಪ್ಪುಕಾಗದದಲ್ಲಿ ತಿಕ್ಕಬೇಕು. ಆಟದಲ್ಲಿ ಎಲೆ ಕಲಸುವಾಗ ಮೊದಲು ಹಾಳಾಗುವುದೇ ಅಂಚು.

ಹಾಳೆಕತ್ತರಿ

ಹುಣಸೆ ಅಂಟಿಗೆ ಹುಳು ಬರುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ನಮ್ಮ ಕಸುಬಿನಲ್ಲಿ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುವ ರೂಢಿ ಇದೆ. ಆದರೆ ಅದು ವಿಷ. ಮಕ್ಕಳು ಎಲೆಯನ್ನು ಬಾಯಿಗೆ ಹಾಕುವ ಮನೆಯಾದರೆ ಬೇಡವೇ ಬೇಡ. ರಟ್ಟು, ಫೆವಿಕಾಲ್ ಸಾಕು.

ಬಣ್ಣದಡಬ್ಬಿ

ಮೈಲುತುತ್ತ ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಅಕ್ಕನ ಮಕ್ಕಳು ಆಡುವ ಎಲೆ ಇದು.

ರಾಯಚೂರಹುಡುಗ

ಅಕ್ಕಾರ, ನಾನು ಹೊಸಬ. ಬಣ್ಣ ಯಾವುದು ತಗೋಬೇಕು? ನನ್ನ ಹತ್ತಿರ ಪೋಸ್ಟರ್ ಕಲರ್ ಐತಿ. ಮತ್ತ ಅಷ್ಟು ಸಣ್ಣ ಮುಖ ಹೆಂಗ ಬಿಡಿಸೂದು? ನಾ ಬಿಡಿಸಿದರ ಕಣ್ಣು ಮೂಗು ಎಲ್ಲಾ ಕಲಸಿ ಹೋಗತಾವು.

ಬಣ್ಣದಡಬ್ಬಿ

@ರಾಯಚೂರಹುಡುಗ ಪೋಸ್ಟರ್ ಕಲರ್‌ನಲ್ಲಿ ಧಾರಾಳವಾಗಿ ಕಲಿಯಿರಿ. ಒಂದು ಎಚ್ಚರ ಮಾತ್ರ. ಅದು ಒಣಗಿದ ಮೇಲೂ ನೀರು ತಾಕಿದರೆ ಕರಗುತ್ತದೆ. ಮೇಲೆ ನೀರಿನ ವಾರ್ನಿಶ್ ಎಳೆದರೆ ಗೆರೆಗಳೆಲ್ಲ ಹರಡುತ್ತವೆ. ಅಕ್ರಿಲಿಕ್ ಒಣಗಿದರೆ ಮತ್ತೆ ಕರಗುವುದಿಲ್ಲ. ಆದರೆ ಸೆಕೆಯಲ್ಲಿ ಒಂದರ ಮೇಲೊಂದು ಇಟ್ಟ ಎಲೆಗಳು ಅಂಟಿಕೊಳ್ಳುತ್ತವೆ. ಮೇಲೆ ವಾರ್ನಿಶ್ ಬೇಕು, ಅದು ಪೂರ್ತಿ ಒಣಗುವವರೆಗೆ ಪೇರಿಸಬಾರದು. ನಿಮ್ಮ ಕಡೆ ಬಿಸಿಲು ಜಾಸ್ತಿ, ಹಾಗಾಗಿ ಇದು ಗಮನದಲ್ಲಿರಲಿ.

ಮುಖದ ವಿಷಯ ಕೇಳಿದ್ದು ಒಳ್ಳೆಯದಾಯಿತು. 6 ಸೆಂಟಿಮೀಟರ್ ಎಲೆಯಲ್ಲಿ ಇಡೀ ವೇಷ ನಿಲ್ಲಿಸಿದರೆ ಮುಖಕ್ಕೆ ಕಿರುಬೆರಳ ಉಗುರಿನಷ್ಟು ಜಾಗವೂ ಸಿಗುವುದಿಲ್ಲ. ನಾನು ಇಡೀ ವೇಷ ಬಿಡಿಸುವುದಿಲ್ಲ. ಎದೆಯಿಂದ ಮೇಲೆ ಮಾತ್ರ. ಯಕ್ಷಗಾನದಲ್ಲಿ ಪಾತ್ರದ ಗುರುತು ಹೆಚ್ಚಾಗಿ ತಲೆಯ ಮೇಲೇ ಇರುತ್ತದೆ. ಅಭಿಮನ್ಯು, ಬಭ್ರುವಾಹನ ಅಂದರೆ ಕೇದಗೆ ಮುಂದಲೆ ಎಂಬ ತಲೆಕಟ್ಟು. ರಾಜ ಅಂದರೆ ಕಿರೀಟ. ಮಹಿಷಾಸುರ ಅಂದರೆ ಕೋಡು. ದೂರದ ಗದ್ದೆಯಲ್ಲಿ ಕೂತು ಯಕ್ಷಗಾನ ನೋಡುವವರಿಗೂ ಯಾರು ಬಂದರು ಎಂದು ತಿಳಿಯಬೇಕಲ್ಲ. ಅದೇ ಉಪಾಯ ಚಿಕ್ಕ ಎಲೆಗೂ ಒದಗುತ್ತದೆ. ಆದ್ದರಿಂದ ಮೊದಲು ತಲೆಯ ಹೊರಗೆರೆ ಬರೆಯಿರಿ. ಒಳಗೆ ಏನೂ ಇಲ್ಲದೆಯೇ ಪಾತ್ರ ಗೊತ್ತಾಗಬೇಕು. ಆಮೇಲೆ ಕಣ್ಣು.

ಮಹಿಷನ ಎಲೆಯನ್ನು ಹೇಗೆ ಮಾಡಿದೆ ಎಂದು ಹೇಳುತ್ತೇನೆ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಚುಟ್ಟಿ ಇಡುತ್ತಾರೆ. ಸಾಲು ಸಾಲು ಬಿಳಿ ಮುಳ್ಳು. ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಇಟ್ಟುಕೊಳ್ಳುವ ಚುಟ್ಟಿಯನ್ನು ನಾನು ಆ ಜಾಗದಲ್ಲಿ ಪೂರ್ತಿ ತೋರಿಸಲಾರೆ. ಮೊದಲು ಮುಖಕ್ಕೆ ಕಪ್ಪು ತುಂಬಿದೆ. ಒಣಗಿದ ಮೇಲೆ ಕೆಂಪು. ಆಮೇಲೆ ಸೊನ್ನೆ ನಂಬರಿನ ಕುಂಚದಲ್ಲಿ ದಪ್ಪ ಬಿಳಿ ತೆಗೆದುಕೊಂಡು, ಗೆರೆ ಎಳೆಯದೆ, ಕುಂಚದ ತುದಿಯನ್ನು ನೆಟ್ಟಗೆ ಊರಿ ಎತ್ತಿದೆ. ಎತ್ತುವಾಗ ಬಣ್ಣ ಸ್ವಲ್ಪ ಮೇಲೆದ್ದು ಮುಳ್ಳಿನಂತೆ ನಿಲ್ಲುತ್ತದೆ. ಎರಡು ಸಾಲು ಸಾಕು. ಬೆರಳಾಡಿಸಿದರೆ ಆ ಚುಕ್ಕಿ ತಾಕುತ್ತದೆ. ಕಣ್ಣನ್ನು ಎಲ್ಲದಕ್ಕಿಂತ ಕೊನೆಗೆ ಬರೆದೆ.

ಚೌಕಿಮನೆ

ಎಲೆಗಳ ಫೋಟೋ ನೋಡಿದೆ. ನಾನು ನಿವೃತ್ತ ಮೇಷ್ಟ್ರು. ಹವ್ಯಾಸಿ ತಂಡದಲ್ಲಿ ಬಹಳ ವರ್ಷ ವೇಷ ಮಾಡಿದವನು. ನಿಮ್ಮ ಶ್ರದ್ಧೆ ಕಂಡು ಸಂತೋಷವಾಯಿತು. ಆದ್ದರಿಂದಲೇ ನೇರವಾಗಿ ಹೇಳುತ್ತೇನೆ.

ನಿಮ್ಮ ಕಟ್ಟಿನಲ್ಲಿ ಯಕ್ಷಗಾನದ ಎರಡು ತಿಟ್ಟುಗಳು, ಅಂದರೆ ತೆಂಕು, ಬಡಗು ಎಂಬ ಎರಡು ಶೈಲಿಗಳು, ಬೆರೆತಿವೆ. ಮಹಿಷಾಸುರ ಪೂರ್ತಿ ತೆಂಕುತಿಟ್ಟು. ಕೇದಗೆ ಮುಂದಲೆಯ ಅಭಿಮನ್ಯು ಬಡಗಿನವನು. ಅದು ತಪ್ಪಲ್ಲ. ಆದರೆ ಚಂಡೆ ಪಂಗಡದಲ್ಲಿ ರಾಜನ ಜಾಗದಲ್ಲಿ, ಹಾಡಿ ಆಟ ನಡೆಸುವ ಭಾಗವತರನ್ನು ಕೂರಿಸಿದ್ದೀರಿ. ಆ ಯೋಚನೆಗೆ ಕೈ ಮುಗಿಯುತ್ತೇನೆ, ಭಾಗವತರೇ ಮೊದಲ ವೇಷಧಾರಿ ಎನ್ನುತ್ತೇವೆ ನಾವು. ಅವರ ಕೈಯಲ್ಲಿ ತಾಳ ಕೊಟ್ಟಿದ್ದೀರಿ. ಅಂದರೆ ಬಡಗಿನ ಭಾಗವತರು. ತೆಂಕಿನಲ್ಲಿ ಜಾಗಟೆ. ಪಕ್ಕದ ಗದೆ ಪಂಗಡದ ಕೌರವನಿಗೆ ತೆಂಕಿನ ಕಿರೀಟ ಇಟ್ಟು, ಮಂತ್ರಿಗೆ ಬಡಗಿನ ಮುಂಡಾಸು ಸುತ್ತಿದ್ದೀರಿ. ಒಂದೇ ಪಂಗಡದ ಒಳಗೆ ಎರಡು ತಿಟ್ಟು ಬಂದರೆ ಬಲ್ಲವರ ಕಣ್ಣಿಗೆ ಚುಚ್ಚುತ್ತದೆ. ನಾಲ್ಕು ಪಂಗಡ ತೆಂಕಿಗೆ, ನಾಲ್ಕು ಬಡಗಿಗೆ ಎಂದು ಬೇರೆ ಮಾಡಿಬಿಡಿ. ಎರಡಕ್ಕೂ ಮರ್ಯಾದೆ ಸಲ್ಲುತ್ತದೆ.

ಬಣ್ಣದಡಬ್ಬಿ

ಮೇಷ್ಟ್ರೇ, ನಮಸ್ಕಾರ. ತಾಳ, ಜಾಗಟೆ ವಿಷಯ ಹೇಳಿದ್ದಕ್ಕೆ ತುಂಬಾ ಧನ್ಯವಾದ. ನಾಲ್ಕು, ನಾಲ್ಕು ಮಾಡುವುದು ಚೆನ್ನಾಗಿದೆ. ಹೇಗೆ ಹಂಚಲಿ ಎಂದು ಯೋಚಿಸುತ್ತೇನೆ.

ಕವಡೆಕಾಯಿ

ಅಕ್ಕ, ಮೇಷ್ಟ್ರು ಹೇಳಿದ್ದು ಆಟಕ್ಕೇ ಕೂಡಿಬರುತ್ತದೆ, ನೋಡಿ! ಗಂಜೀಫಾದಲ್ಲಿ ಅರ್ಧ ಪಂಗಡಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಇನ್ನರ್ಧದಲ್ಲಿ ತಿರುವು ಮುರುವು. ರಾಜ, ಮಂತ್ರಿ ಆದ ಮೇಲೆ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಚಿಕ್ಕದು. ಹೊಸದಾಗಿ ಕಲಿಯುವವರು ಸಿಕ್ಕಿಬೀಳುವುದೇ ಇಲ್ಲಿ. ಯಾವ ಪಂಗಡ ಯಾವ ಕಡೆ ಎಂದು ನೆನಪಿರುವುದಿಲ್ಲ.

ತೆಂಕು ಅಂದರೆ ಹತ್ತು ದೊಡ್ಡದು. ಬಡಗು ಅಂದರೆ ಒಂದು ದೊಡ್ಡದು. ಮುಗಿಯಿತು. ತಲೆಯ ಮೇಲಿನ ಕಿರೀಟ ನೋಡಿದರೆ ಲೆಕ್ಕ ತಿಳಿಯುತ್ತದೆ.

ಬಣ್ಣದಡಬ್ಬಿ

ಅಬ್ಬಾ! ಇದು ನನಗೆ ಹೊಳೆದೇ ಇರಲಿಲ್ಲ. ಆದರೆ ಕಿರೀಟ ರಾಜ, ಮಂತ್ರಿ ಎಲೆಯಲ್ಲಿ ಮಾತ್ರ ಇರುತ್ತದೆ. ಅಂಕಿ ಎಲೆಯಲ್ಲೂ ತಿಳಿಯಬೇಕಲ್ಲ. ನೆಲದ ಬಣ್ಣದಲ್ಲಿ ಹೇಳಬಹುದು. ತೆಂಕಿನ ನಾಲ್ಕಕ್ಕೂ ಗಾಢ ನೆಲ: ಕಪ್ಪು, ಕಡುಗೆಂಪು, ಕಡುನೀಲಿ, ಕಡುಹಸಿರು. ಬಡಗಿನ ನಾಲ್ಕಕ್ಕೂ ತಿಳಿ ನೆಲ: ಹಳದಿ, ಬಿಳಿ, ತಿಳಿಗುಲಾಬಿ, ತಿಳಿಹಸಿರು. ಗಾಢದಲ್ಲಿ ಹತ್ತು ದೊಡ್ಡದು, ತಿಳಿಯಲ್ಲಿ ಒಂದು ದೊಡ್ಡದು.

ಹಂಚಿಕೆ ಹೀಗೆ ಮಾಡುತ್ತೇನೆ. ತೆಂಕಿಗೆ ದೊಂದಿ, ಗದೆ, ಚಕ್ರ, ಚಂಡೆ. ಬಡಗಿಗೆ ಬಾಣ, ಕತ್ತಿ, ಶಂಖ, ಗೆಜ್ಜೆ. ಭಾಗವತರ ಕೈಗೆ ಜಾಗಟೆ ಬರುತ್ತದೆ. ಕೌರವನ ಮಂತ್ರಿಯನ್ನು ಹೊಸದಾಗಿ ಬಿಡಿಸುತ್ತೇನೆ.

ಕವಡೆಕಾಯಿ

ಗಾಢ, ತಿಳಿ ಆಯ್ಕೆಗೆ ಇನ್ನೊಂದು ಲಾಭ ಇದೆ. ಕೆಂಪು, ಹಸಿರು ಬೇರೆ ಮಾಡಿ ಕಾಣದವರು ಇರುತ್ತಾರೆ, ಗಂಡಸರಲ್ಲಿ ಇದು ಜಾಸ್ತಿ. ನನ್ನ ಭಾವನಿಗೂ ಇದೆ. ಚೌಕಾಬಾರ ಆಡುವಾಗ ಕೆಂಪು ಕಾಯಿ ಯಾವುದು, ಹಸಿರು ಯಾವುದು ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಈಗ ನಾನು ನಾಲ್ಕು ಮನೆಯವರ ಕಾಯಿಯನ್ನೂ ನಾಲ್ಕು ಆಕಾರದಲ್ಲಿ ಕಡೆಯುತ್ತೇನೆ. ನಿಮ್ಮ ಕಡುಗೆಂಪು, ಕಡುಹಸಿರು ಅವರಿಗೆ ಒಂದೇ ಆಗಿ ಕಾಣಬಹುದು. ಅಂಚಿನ ಪಟ್ಟಿಯನ್ನಾದರೂ ಬೇರೆ ಮಾಡಿ. ಒಂದಕ್ಕೆ ಅಲೆ, ಒಂದಕ್ಕೆ ಹಲ್ಲು, ಹೀಗೆ.

ಬಣ್ಣದಡಬ್ಬಿ

ಖಂಡಿತ ಮಾಡುತ್ತೇನೆ. ಸೀರೆಯ ಅಂಚಿನಲ್ಲಿ ಬೇಕಾದಷ್ಟು ಮಾದರಿ ಇವೆಯಲ್ಲ. ಪಂಗಡಕ್ಕೊಂದು ಅಂಚು.

ಥೇಮ್ಸ್‌ದಂಡೆ

ಲಂಡನ್ನಿನಿಂದ ಬರೆಯುತ್ತಿದ್ದೇನೆ. ಇಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸಂಗ್ರಹದಲ್ಲಿ ಗಂಜೀಫಾ ಎಲೆಗಳಿವೆ. ಅವರ ವೆಬ್‌ಸೈಟ್‌ನಲ್ಲಿ ಚಿತ್ರ ದೊಡ್ಡದು ಮಾಡಿ ನೋಡಬಹುದು. ಕುಂಚದ ಒಂದೊಂದು ಹೊಡೆತವೂ ಕಾಣುತ್ತದೆ.

ಒಂದು ಅಳುಕಿನ ಪ್ರಶ್ನೆ. ನಮ್ಮ ಮನೆಯಲ್ಲಿ ಅಮ್ಮ ದೇವರ ಚಿತ್ರ ಇರುವ ಎಲೆಯನ್ನು ನೆಲಕ್ಕೆ ಎಸೆಯಲು ಬಿಡುವುದಿಲ್ಲ. ನಿಮ್ಮ ಚಕ್ರ ಪಂಗಡದಲ್ಲಿ ದೇವಿ ಇದ್ದಾಳೆ. ಯಾರೂ ಆಕ್ಷೇಪ ಮಾಡಲಿಲ್ಲವೇ?

ಬಣ್ಣದಡಬ್ಬಿ

@ಥೇಮ್ಸ್‌ದಂಡೆ ನಮ್ಮ ಮನೆಯಲ್ಲೂ ಈ ಮಾತು ಬಂತು. ದಶಾವತಾರ ಗಂಜೀಫಾದಲ್ಲಿ ಹತ್ತೂ ಪಂಗಡ ವಿಷ್ಣುವಿನ ಅವತಾರಗಳೇ. ಎಲೆ ಎಸೆಯುವುದಿಲ್ಲ, ಶುಭ್ರವಾದ ಬಟ್ಟೆ ಹಾಸಿ ಅದರ ಮೇಲೆ ಇಡುತ್ತಾರೆ. ನಾವೂ ಹಾಗೇ ಮಾಡುತ್ತೇವೆ. ಬಿಳಿ ಪಂಚೆ ಹಾಸಿ ಸುತ್ತ ಕೂರುತ್ತೇವೆ. ಬೆಳಕು ಚೆನ್ನಾಗಿ ಬೀಳುತ್ತದೆ, ಎಲೆಯ ವಾರ್ನಿಶ್ಶೂ ಗೀರುವುದಿಲ್ಲ. ಆದರೆ ನಿಮ್ಮ ಅಮ್ಮನ ಮಾತಿಗೆ ಬೆಲೆ ಇದೆ. ಅಂಥವರಿಗಾಗಿ ದೇವಿಯ ಬದಲು ಅವಳ ಸಿಂಹವನ್ನು ಬಿಡಿಸಿ ಕೊಡಬಹುದು. ಮೇಷ್ಟ್ರು ಏನೆನ್ನುತ್ತಾರೆ?

ಚೌಕಿಮನೆ

ಸಿಂಹದ ವೇಷ ರಂಗಸ್ಥಳಕ್ಕೇ ಬರುತ್ತದೆ. ಇಡಿ, ಚೆನ್ನಾಗಿರುತ್ತದೆ. ಇನ್ನು ಮಹಿಷಾಸುರನನ್ನು ದೊಂದಿ ಪಂಗಡದ ರಾಜ ಮಾಡಿದ್ದು ಬಹಳ ಸರಿ. ಜನರ ನಡುವಿನಿಂದ ದೊಂದಿ ಹಿಡಿಸಿಕೊಂಡು, ರಾಳ ಹಾರಿಸುತ್ತಾ ಬರುವ ಅವನ ಪ್ರವೇಶ ನೋಡಿದವರು ಮರೆಯುವುದಿಲ್ಲ. ಹಿನ್ನೆಲೆ ಕಪ್ಪೇ ಇರಲಿ.

ಕವಡೆಕಾಯಿ

ಹಾಗಾದರೆ ಇನ್ನೊಂದು ಸೇರಿಸಿ ಅಕ್ಕ. ದಶಾವತಾರ ಆಟದಲ್ಲಿ ಹಗಲು ಆಡಿದರೆ ರಾಮನಿಂದ ಶುರು, ರಾತ್ರಿ ಆಡಿದರೆ ಕೃಷ್ಣನಿಂದ. ನಿಮ್ಮ ಕಟ್ಟಿನಲ್ಲಿ ರಾತ್ರಿ ಆಟಕ್ಕೆ ದೊಂದಿಯ ರಾಜ ಯಾರ ಕೈಯಲ್ಲಿದ್ದಾನೋ ಅವರು ಮೊದಲು ಇಳಿಯಲಿ. ಹಗಲು ಶಂಖದ ರಾಜ.

ಬಣ್ಣದಡಬ್ಬಿ

ಇದನ್ನು ನಿಯಮದ ಹಾಳೆಯಲ್ಲಿ ಬರೆದುಕೊಂಡೆ!

ಹಾಳೆಕತ್ತರಿ

ಫ್ಯಾನ್ ಆರ್ಟ್ ಎಂದಿರಲ್ಲ. ಒಂದು ವಿಷಯ ಕೇಳಲೇಬೇಕು. ಅಭಿಮನ್ಯು ಎಲೆಯಲ್ಲಿ ಯಾರಾದರೂ ಈಗಿನ ಕಲಾವಿದರ ಮುಖ ಇದೆಯೇ? ಫೋಟೋ ನೋಡಿ ಬಿಡಿಸಿದ್ದಾ? ನಮ್ಮಲ್ಲಿಗೆ ಕ್ಯಾಲೆಂಡರ್ ಮಾಡಿಸಲು ಬರುವವರು ಎಲ್ಲಿಂದಲೋ ಫೋಟೋ ಇಳಿಸಿಕೊಂಡು ಬರುತ್ತಾರೆ. ಕೇಳಿದರೆ "ನೆಟ್‌ನಲ್ಲಿ ಸಿಕ್ಕಿತು" ಎನ್ನುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಬಣ್ಣದಡಬ್ಬಿ

ಕೇಳಿದ್ದು ಒಳ್ಳೆಯದಾಯಿತು ಅಣ್ಣ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ.

ವೇಷ ಪರಂಪರೆಯದ್ದು. ಅದನ್ನು ಯಾರು ಬೇಕಾದರೂ ಬಿಡಿಸಬಹುದು. ಆದರೆ ಆ ವೇಷದ ಒಳಗಿರುವ ಮನುಷ್ಯನ ಮುಖ ಅವನದ್ದು. ಫೋಟೋ ತೆಗೆದವರ ಹಕ್ಕು ಮತ್ತೆ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆ ಫೋಟೋಗಳಿಗೂ ಅನ್ವಯಿಸುತ್ತದೆ, ಪ್ರಕಟವಾದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ನೆಟ್‌ನಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಅದು ಎಲ್ಲರದ್ದಾಗುವುದಿಲ್ಲ.

ನಾನು ಒಂದು ಫೋಟೋ ಇಟ್ಟುಕೊಂಡು ನಕಲು ಮಾಡುವುದಿಲ್ಲ. ಯಕ್ಷಗಾನ ನೋಡಲು ಹೋದಾಗ ಚಿಕ್ಕ ಪುಸ್ತಕದಲ್ಲಿ ಪೆನ್ಸಿಲ್ ಗೆರೆ ಹಾಕಿಕೊಳ್ಳುತ್ತೇನೆ. ಕತ್ತಲಲ್ಲಿ ಹಾಳೆ ಕಾಣುವುದಿಲ್ಲ, ರಂಗಸ್ಥಳ ನೋಡುತ್ತಲೇ ಕೈ ಓಡಿಸಬೇಕು. ಕತ್ತು ಎಷ್ಟು ವಾಲಿತು, ಭುಜ ಎಲ್ಲಿ ಎದ್ದಿತು, ಗಿರಕಿ ಹೊಡೆದು ನಿಂತಾಗ ಕಸೆ ಸೀರೆಯ ಅಂಚು ಯಾವ ಕಡೆ ಹಾರಿತು, ಇಷ್ಟೇ. ಅಭಿಮನ್ಯು ಎಲೆಯ ನಿಲುವು ನಾನು ಬಹಳ ಮೆಚ್ಚುವ ಒಬ್ಬ ಕಲಾವಿದರದ್ದು. ಮುಖ ಅವರದ್ದಲ್ಲ. ಆದರೂ ಅವರಿಗೆ ಎಲೆ ತೋರಿಸಿ, ಇಡಬಹುದೇ ಎಂದು ಕೇಳಿದೆ. ಒಪ್ಪಿದರು. ಎಡಗೈ ಇನ್ನಷ್ಟು ಮೇಲಿರಬೇಕು ಎಂದು ತಾವೇ ಮಾಡಿ ತೋರಿಸಿದರು. ತಿದ್ದಿದೆ.

ಕಾಮಿಕ್ಸ್, ಸಿನಿಮಾ ಪಾತ್ರಗಳ ಕಾಯಿ ಮಾಡುವವರು ಇಲ್ಲಿ ತುಂಬಾ ಜನ ಇದ್ದೀರಿ. ಮನೆಯಲ್ಲಿ ಆಡಲು ಮಾಡಿಕೊಳ್ಳುವುದು ಒಂದು, ಸಂತೆಯಲ್ಲಿ ಇಟ್ಟು ಮಾರುವುದು ಇನ್ನೊಂದು. ಆ ಪಾತ್ರಗಳಿಗೆ ಒಡೆಯರಿದ್ದಾರೆ. ಮಾರುವ ಯೋಚನೆ ಇದ್ದರೆ ಮೊದಲು ಅನುಮತಿ ಕೇಳಿ.

ರಾಯಚೂರಹುಡುಗ

ನಿಮ್ಮ ಕಟ್ಟು ಮಾರತೀರೇನ್ರಿ ಅಕ್ಕಾರ? ಮತ್ತ ಮೈಸೂರು ಗಂಜೀಫಾ ಅಂತ ಹೆಸರು ಇಡಬಹುದೇನು?

ಬಣ್ಣದಡಬ್ಬಿ

ಮಾರುವುದಿಲ್ಲ. 96 ಎಲೆ ಕೈಯಲ್ಲಿ ಬಿಡಿಸಿದ್ದಕ್ಕೆ ಬೆಲೆ ಕಟ್ಟಲು ಹೋದರೆ ಖುಷಿ ಹೋಗಿ ಲೆಕ್ಕ ಉಳಿಯುತ್ತದೆ. 'ಮೈಸೂರು ಗಂಜೀಫಾ' ಎಂದು ನಾನು ಕರೆಯುವುದಿಲ್ಲ. ಅದಕ್ಕೆ ಭೌಗೋಳಿಕ ಗುರುತು (ಜಿಐ) ಇದೆ, ಅಂದರೆ ಆ ಊರಿನ ಕಲೆಯ ಹೆಸರಿಗೆ ಕಾನೂನಿನ ರಕ್ಷಣೆ. ಗಂಜೀಫಾ ರಘುಪತಿ ಭಟ್ಟರಂಥವರು ಜೀವನ ಸವೆಸಿ ಉಳಿಸಿದ ಕಲೆ ಅದು. ಅವರ ಎಲೆಗಳ ನವಿರು ಗೆರೆ ನೋಡಿ ನಾನು ಕಲಿಯುತ್ತೇನೆ. ಆ ಹೆಸರನ್ನು ನನ್ನ ಹವ್ಯಾಸಕ್ಕೆ ಅಂಟಿಸಿಕೊಳ್ಳುವುದು ನ್ಯಾಯ ಅಲ್ಲ. ಮೈಸೂರು ಶೈಲಿಯವರು ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ಮೊದಲ ಗೆರೆ ಹಾಕುತ್ತಿದ್ದರು, ಅಳಿಲ ಕೂದಲ ಕುಂಚ ಬಳಸುತ್ತಿದ್ದರು. ನಾನು ಪೆನ್ಸಿಲ್ಲು, ಅಂಗಡಿ ಕುಂಚ ಹಿಡಿದವಳು. ನನ್ನದು 'ಯಕ್ಷ ಎಲೆ'. ಅಷ್ಟೇ ಸಾಕು.

ಮಳೆನಾಡು

ತಡವಾಗಿ ಬಂದೆ. ಕೊನೆಯ ಲೇಪ ಏನು ಹಾಕುತ್ತೀರಿ ಎಂದು ಎಲ್ಲೂ ಬರೆದಿಲ್ಲ. ನಮ್ಮ ತೀರ್ಥಹಳ್ಳಿ ಕಡೆ ಆಷಾಢದಲ್ಲಿ ಸ್ಪ್ರೇ ವಾರ್ನಿಶ್ ಹೊಡೆದರೆ ಬೆಳ್ಳಗೆ ಮಂಜು ಕಟ್ಟಿದ ಹಾಗೆ ಆಗುತ್ತದೆ. ಏನು ಪರಿಹಾರ?

ಬಣ್ಣದಡಬ್ಬಿ

@ಮಳೆನಾಡು ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಹಾಗಾಗುತ್ತದೆ. ಸ್ಪ್ರೇಯ ದ್ರಾವಕ ಬೇಗ ಆರಿ ಎಲೆಯ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅಲ್ಲೇ ಕೂರುತ್ತದೆ. ಸುರಿಯುವ ಮಳೆಯ ದಿನ ಸ್ಪ್ರೇ ಬೇಡ. ಮಳೆ ಬಿಟ್ಟು ಬಿಸಿಲು ಬಂದ ದಿನ, ಮಧ್ಯಾಹ್ನ, ತೆಳುವಾಗಿ ಹೊಡೆಯಿರಿ. ಇಲ್ಲದಿದ್ದರೆ ನೀರಿನ ಅಕ್ರಿಲಿಕ್ ವಾರ್ನಿಶ್ ಕುಂಚದಲ್ಲಿ ಎಳೆಯಿರಿ.

ಬಟ್ಟೆ ಎಲೆಗಳಿಗೆ ನಾನು ಅರಗು ಹಾಕುತ್ತೇನೆ. ಬಡಗಿಗಳು ಪಾಲಿಶ್‌ಗೆ ಬಳಸುವ ಅದೇ ಅರಗಿನ ಹಕ್ಕಳೆ, ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಹತ್ತಿ ಉಂಡೆಯಿಂದ ತೆಳುವಾಗಿ ಒರೆಸಬೇಕು. ಒರೆಸುವಾಗ ಒಂದೇ ಕಡೆ ನಿಲ್ಲಬಾರದು. ಒಣಗಿದ ಮೇಲೆ ಮತ್ತೊಂದು ಕೈ. ಹೊಂಬಣ್ಣದ ಹೊಳಪು ಬರುತ್ತದೆ, ಹೊಸ ಬಿಳಿಯೂ ಸ್ವಲ್ಪ ಹಳದಿಗೆ ತಿರುಗುತ್ತದೆ. ಅದು ನನಗೆ ಇಷ್ಟ. ಆದರೆ ನೀರು ನಿಂತರೆ ಅರಗಿನ ಮೇಲೆ ಬಿಳಿ ಕಲೆ ಬೀಳುತ್ತದೆ, ಕಾಫಿ ಲೋಟ ದೂರ ಇರಲಿ. ಸ್ಪಿರಿಟ್‌ಗೆ ಬೆಂಕಿ ತಾಗದಂತೆ ನೋಡಿಕೊಳ್ಳಿ, ಕಿಟಕಿ ತೆಗೆದಿಟ್ಟು ಕೆಲಸ ಮಾಡಿ.

ಚೌಕಿಮನೆ

ಕೌರವನ ಹೊಸ ಮಂತ್ರಿಯ ಪೆನ್ಸಿಲ್ ಚಿತ್ರ ಆದಾಗ ಬಣ್ಣ ಹಾಕುವ ಮೊದಲು ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.

ಬಣ್ಣದಡಬ್ಬಿ

ಹಾಕುತ್ತೇನೆ ಮೇಷ್ಟ್ರೇ, ಭಾಗವತರದ್ದೂ ಸೇರಿಸಿ. ಜಾಗಟೆಯನ್ನು ಯಾವ ಕೈಯಲ್ಲಿ, ಎಷ್ಟು ಎತ್ತರದಲ್ಲಿ ಹಿಡಿಯುತ್ತಾರೆ ಎಂದು ಅಷ್ಟರಲ್ಲಿ ಒಂದು ಸಾಲು ಬರೆದು ತಿಳಿಸಿ.

@ರಾಯಚೂರಹುಡುಗ ನೀವು 96ಕ್ಕೆ ಕೈ ಹಾಕಬೇಡಿ. ಒಂದು ಪಂಗಡ, 12 ಎಲೆ ಮಾಡಿ. ವಿಷಯ ನಿಮ್ಮ ಕಡೆಯದ್ದೇ ಇರಲಿ. ದೊಡ್ಡಾಟದ ವೇಷ ಇದೆ, ಕಿಳ್ಳೇಕ್ಯಾತರ ತೊಗಲುಗೊಂಬೆ ಇದೆ. ತೊಗಲುಗೊಂಬೆಯ ಹೊರಗೆರೆ ಎಷ್ಟು ಸ್ಪಷ್ಟ ಎಂದರೆ ಈ ಕೆಲಸಕ್ಕೆಂದೇ ಮಾಡಿದಂತಿದೆ. ಅಂಕಿ ಎಲೆಗಳ ಜೋಡಣೆಯ ಖಾಲಿ ನಕ್ಷೆ, ಒಂದರಿಂದ ಹತ್ತರವರೆಗೆ, ಈ ಭಾನುವಾರ ಇಲ್ಲಿ ಹಾಕುತ್ತೇನೆ. ಅದರ ಮೇಲೆ ನಿಮ್ಮ ಗುರುತು ಇಟ್ಟು ನೋಡಿ.

ರಾಯಚೂರಹುಡುಗ

ತೊಗಲುಗೊಂಬೆ ಭಾರಿ ಛಲೋ ಹೇಳಿದ್ರಿ. ನಮ್ಮೂರ ಕಡೆ ಆಡಿಸವರು ಅದಾರ. ಮೊದಲ ಅವರನ್ನ ಕೇಳಿ, ಗೊಂಬಿ ನೋಡಿಕೊಂಡು ಬರತೀನಿ.